ಬೀಳ್ಕೊಡದ ನೀರು

ಬೆಳಿಗ್ಗೆ ಎದ್ದಾಗಿನಿಂದ ಮ್ಯೂರಿಯಲ್ ಒಂದು ಗುಟುಕು ಚಹಾ ಕುಡಿದಿರಲಿಲ್ಲ. ಅರವತ್ತೆಂಟು ವರ್ಷದ ಬಾಳಿನಲ್ಲಿ ಚಹಾ ಇಲ್ಲದೆ ಹನ್ನೊಂದು ಗಂಟೆ ಮುಟ್ಟಿದ್ದು ಇದು ಎರಡನೆಯ ಸಲ. ಮೊದಲನೆಯದು ಆಪರೇಷನ್ನಿನ ದಿನ. ಬಸ್ಸಿನ ಮುಂದಿನ ಸೀಟಿನಲ್ಲಿ, ಮುದುಕರಿಗೆಂದು ಬಿಟ್ಟ ಜಾಗದಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಚೀಲದೊಳಗೆ ಮಡಿಸಿದ ನೀಲಿ ನಿಲುವಂಗಿ, ತಾಮ್ರದ ಬಟ್ಟಲು, ಒಂದು ಬಾಟಲಿಯಲ್ಲಿ ಹೊಳೆಯ ನೀರು. ಬಸ್ಸು ಕಾಲುವೆಯ ಸೇತುವೆ ಏರಿ ಇಳಿದಾಗ ಬಾಟಲಿ ಗುಳುಗುಳು ಅಂದಿತು, ಅವಳ ಹೊಟ್ಟೆಯ ಕೆಳಗೂ ಏನೋ ಅದಕ್ಕೆ ಓಗೊಟ್ಟಂತಾಯಿತು. ಕಾಲು ಬಿಗಿಹಿಡಿದಳು. ಇಪ್ಪತ್ತೆರಡು ವರ್ಷದಿಂದ ಪಡುವಣ ದಿಕ್ಕಿಗೆ ನಿಂತು ನೀರನ್ನು ಕರೆಯುವವಳು, ನೀರಿನ ಯಜಮಾನಿ ಅನ್ನಿ, ಹೀಗೆ ಗಂಟಲು ಒಣಗಿಸಿಕೊಂಡು ಕೂತಿರುವುದು ಅವಳಿಗೇ ನಗೆ ತರಿಸಿತು. ನಗಲಿಲ್ಲ. ಈಚೆಗೆ ನಗುವುದೂ ಅಪಾಯದ ಕೆಲಸವೇ ಆಗಿತ್ತು.

ಪ್ರಕೃತಿಯನ್ನು ಹಳೆಯ ಪದ್ಧತಿಯಲ್ಲಿ ಪೂಜಿಸುವ ಅವರ ಕೂಟದಲ್ಲಿ ಇರುವುದೇ ಐದು ಜನ. ಮೂಡಣಕ್ಕೆ ಬ್ರಯನಿ, ಆಸ್ಪತ್ರೆಯ ನರ್ಸು. ಗಾಳಿ ಅವಳ ಪಾಲಿನದು, ಧೂಪ ಹಾಕಿ ಮೊದಲು ತಾನೇ ಕೆಮ್ಮುತ್ತಾಳೆ. ತೆಂಕಣಕ್ಕೆ ಕ್ಲೈವ್, ಬೆಂಕಿ. ವಿಮೆ ಕಂಪನಿಯಿಂದ ನಿವೃತ್ತನಾದವನು, ಮೇಣದಬತ್ತಿ ಹಚ್ಚುವ ಮುಂಚೆ ಪಕ್ಕದಲ್ಲಿ ಮರಳಿನ ಬಕೆಟ್ಟು ಇಟ್ಟುಕೊಳ್ಳುತ್ತಾನೆ. ಪಡುವಣ ಮ್ಯೂರಿಯಲ್‌ಳದು. ಬಡಗಣಕ್ಕೆ ವಿಲ್ಫ್, ಮಣ್ಣು; ಹೆಂಡತಿ ಎಡ್ನಾ ತೀರಿಕೊಂಡ ಮೇಲೆ ಹೋದ ವರ್ಷ ಬಂದು ಸೇರಿದವನು, ಪ್ರತಿ ಹಬ್ಬಕ್ಕೂ ತಾನೇ ಬೇಯಿಸಿದ ಬ್ರೆಡ್ಡು ತರುತ್ತಾನೆ, ಒಂದು ಸಲ ಅದನ್ನು ಕೊಯ್ಯಲು ಹೋಗಿ ಪೂಜೆಯ ಚೂರಿಯ ತುದಿಯೇ ಮುರಿಯಿತು. ನಡುವೆ ರೊವೆನಾ, ಹಿರಿಯ ಪೂಜಾರಿಣಿ. ಸರ್ಕಾರಿ ಕಾಗದಗಳಲ್ಲಿ ಅವಳ ಹೆಸರು ಪ್ಯಾಟ್. ಮೂವತ್ತು ವರ್ಷ ಊರಿನವರಿಗೆ ಕಾರು ಓಡಿಸುವುದನ್ನು ಕಲಿಸಿದವಳು. ಮಂತ್ರ ಹೇಳುವಾಗಲೂ ಅವಳ ಬಲಗಾಲು ಬ್ರೇಕು ಹುಡುಕುತ್ತಿರುತ್ತದೆ. ಪೂಜೆಯ ಮೊದಲಿಗೆ ಗಾಳಿ, ಬೆಂಕಿ, ನೀರು, ಮಣ್ಣು, ಈ ನಾಲ್ಕನ್ನೂ ಅವರವರ ದಿಕ್ಕಿನಿಂದ ಕರೆಯಬೇಕು. ಮುಗಿದ ಮೇಲೆ ಹಿಂದುಮುಂದಾಗಿ, ಮಣ್ಣಿನಿಂದ ಶುರುಮಾಡಿ, ಒಂದೊಂದನ್ನೇ ಕಳಿಸಿಕೊಡಬೇಕು. 'ಬಂದಿರಿ, ನಿಂದಿರಿ, ಇನ್ನು ಹೋಗಿಬನ್ನಿ.' ಇಷ್ಟೇ ಮಾತು. ಇದನ್ನು ಹೇಳದಿದ್ದರೆ ಬಂದದ್ದು ಹೋಗುವುದಿಲ್ಲ, ಮದುವೆ ಮುಗಿದರೂ ಗಂಟುಮೂಟೆ ಕಟ್ಟದ ನೆಂಟನ ಹಾಗೆ ಇಲ್ಲೇ ಸುತ್ತಾಡಿಕೊಂಡಿರುತ್ತದೆ.

ಹೋಗಿರಲಿಲ್ಲ. ಮೇ ತಿಂಗಳ ಹಬ್ಬವಾಗಿ ಏಳು ವಾರ. ಒಂಬತ್ತನೆಯ ದಿನ ರೊವೆನಾಳ ಮನೆಯ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು. ಮರುವಾರ ಕ್ಲೈವ್‌ನ ಸೂರು ಸೋರಿ ಹಾಸಿಗೆಯೆಲ್ಲ ಒದ್ದೆ. ಆಮೇಲೆ ಬ್ರಯನಿಯ ವಾರ್ಡಿನಲ್ಲಿ ಕೊಳಾಯಿ ಒಡೆದು ರೋಗಿಗಳನ್ನು ಮಂಚದ ಸಮೇತ ತಳ್ಳಿಕೊಂಡು ಹೋದರಂತೆ. ಯಾರ್ಕ್‌ಶೈರಿನ ಆ ಕಣಿವೆಯಲ್ಲಿ ನೀರು ನುಗ್ಗುವುದು ಹೊಸತೇನಲ್ಲ. ರೊವೆನಾಳ ನೆಲಮಾಳಿಗೆ ಎರಡು ವರ್ಷಕ್ಕೊಮ್ಮೆ ತುಂಬುತ್ತದೆ, ಕ್ಲೈವ್ ಸೂರಿಗೆ ಏಣಿ ಹಾಕಿ ಒಂಬತ್ತು ವರ್ಷವಾಗಿದೆ. ಮ್ಯೂರಿಯಲ್‌ಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸುದ್ದಿ ಬಂದಾಗ ಎದೆಯಲ್ಲಿ ಸೌಟು ಬಿದ್ದ ಸದ್ದಾಗುತ್ತಿತ್ತು. 'ನಿಮ್ಮ ಮನೆಯಲ್ಲಿ ಏನಾಯ್ತು?' ಎಂದು ರೊವೆನಾ ಎಲ್ಲರನ್ನೂ ಕೇಳಿದಳು. ಮ್ಯೂರಿಯಲ್‌ಳ ಮನೆಯಲ್ಲಿ ಏನೂ ಆಗಿರಲಿಲ್ಲ. 'ಬಟ್ಟೆ ಒಗೆಯೋ ಮಿಷಿನ್ನು ಕೆಟ್ಟು ಅಡುಗೆಮನೆಯೆಲ್ಲ ನೀರು ಕಣಮ್ಮ' ಎಂದುಬಿಟ್ಟಳು, ನಾಲಿಗೆ ತಾನಾಗಿ ಹೊರಳಿತು. ವಿಲ್ಫ್ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದ: 'ನಮ್ಮನೇಲಿ ಏನಿಲ್ಲ. ಒಣಗಿದೆ.' ಅಲ್ಲಿಂದ ರೊವೆನಾಳ ತಲೆ ಓಡಿತು. ನೀರನ್ನು ತಡೆಯಬೇಕಾದದ್ದು ಮಣ್ಣು. ಮಣ್ಣು ತನ್ನವನ ಬಾಗಿಲು ಮಾತ್ರ ಮುಚ್ಚಿಕೊಂಡು ಉಳಿದವರನ್ನು ಮುಳುಗಿಸಿದೆ. ಎಂದರೆ ಮಣ್ಣಿನವನು ಸರಿಯಾಗಿ ಬೀಳ್ಕೊಟ್ಟಿಲ್ಲ, ಮಣ್ಣು ಅರ್ಧ ಇಲ್ಲಿ ಅರ್ಧ ಅಲ್ಲಿ ಸಿಕ್ಕಿಕೊಂಡಿದೆ. ಮೊನ್ನೆ ಅವಳ ಚೀಟಿ ಬಂತು. 'ನಡುಬೇಸಿಗೆಯ ಹಬ್ಬ, ಹಗಲು ಹನ್ನೆರಡಕ್ಕೆ, ನಮ್ಮ ಹಿತ್ತಲಲ್ಲಿ. ಮೊದಲು ವಿಚಾರಣೆ. ವಿಷಯ: ಬಡಗಣ.' ವಿಲ್ಫ್‌ನನ್ನು ತೆಗೆಯುತ್ತಾರೆ ಎಂದು ಮ್ಯೂರಿಯಲ್‌ಗೆ ಚೀಟಿ ಓದುವ ಮೊದಲೇ ಗೊತ್ತಾಯಿತು. ಎಡ್ನಾ ಹೋದ ಮೇಲೆ ಆ ಮುದುಕನಿಗೆ ವರ್ಷಕ್ಕೆ ಎಂಟು ಹಬ್ಬ, ನಾಲ್ಕು ಜನ ಮತ್ತು ಕಲ್ಲಿನಂಥ ಬ್ರೆಡ್ಡು ಬಿಟ್ಟರೆ ಬೇರೇನಿದೆ.

ಮೇ ಹಬ್ಬ ಗುಡ್ಡದ ಮೇಲೆ, ಬಟ್ಟಬಯಲಿನಲ್ಲಿ. ಮರವಿಲ್ಲ, ಪೊದೆಯಿಲ್ಲ, ಕುರಿಗಳು ಮಾತ್ರ. ಅವು ಎಲ್ಲಿ ಬೇಕೆಂದರೆ ಅಲ್ಲಿ ನಿಂತಲ್ಲೇ ಮುಗಿಸುತ್ತಿದ್ದುದನ್ನು ಮ್ಯೂರಿಯಲ್ ಹೊಟ್ಟೆಕಿಚ್ಚಿನಿಂದ ನೋಡಿದ್ದಳು. ರೊವೆನಾ ಹೊಸ ಮಂತ್ರ ಬರೆದು ತಂದಿದ್ದಳು, ಹದಿನಾಲ್ಕು ಹಾಳೆ. ನಾಲ್ಕನೆಯ ಹಾಳೆಯಲ್ಲಿ ಮ್ಯೂರಿಯಲ್‌ಗೆ ಮೊದಲ ಸೂಚನೆ ಬಂತು, ಏಳರಲ್ಲಿ ಎರಡನೆಯದು. ಮಂಡಲ ಹಾಕಿದ ಮೇಲೆ ಯಾರೂ ಗೆರೆ ದಾಟುವ ಹಾಗಿಲ್ಲ. ದಾಟಲೇಬೇಕೆಂದರೆ ಪೂಜಾರಿಣಿಯನ್ನು ಕೇಳಬೇಕು, ಅವಳು ಮಂತ್ರ ನಿಲ್ಲಿಸಿ, ಕರಿ ಹಿಡಿಯ ಚೂರಿಯಿಂದ ಗಾಳಿಯಲ್ಲಿ ಬಾಗಿಲು ಕೊಯ್ದು, ಹೊರಗೆ ಬಿಟ್ಟು, ಮತ್ತೆ ಮುಚ್ಚಿ, ವಾಪಸು ಬಂದಾಗ ಮತ್ತೆ ಕೊಯ್ದು ಒಳಗೆ ಕರೆದುಕೊಳ್ಳಬೇಕು. ಎರಡು ವರ್ಷದ ಹಿಂದೆ ಒಮ್ಮೆ ಕೇಳಿದ್ದಳು. ರೊವೆನಾ ಚೂರಿ ಎತ್ತುವ ಮುನ್ನ ಒಂದು ನಿಟ್ಟುಸಿರು ಬಿಟ್ಟಿದ್ದಳು, ಕಲಿಯುವವನು ಕಾರನ್ನು ಕಲ್ಲುಗೋಡೆಗೆ ತಾಗಿಸಿದಾಗ ಬಿಡುವ ನಿಟ್ಟುಸಿರು. ಆ ಉಸಿರು ಇನ್ನೂ ಮ್ಯೂರಿಯಲ್‌ಳ ಕಿವಿಯಲ್ಲಿತ್ತು. ಆರು ವರ್ಷದವಳಿದ್ದಾಗ ಟೀಚರು ಕರಿ ಹಲಗೆಯ ಕಡೆ ತಿರುಗಿ ಏಳರ ಮಗ್ಗಿ ಬರೆಯುತ್ತಿದ್ದರು, ಇವಳು ಕೈ ಎತ್ತಿದ್ದಳು, ಕೈ ನೋಯುವ ತನಕ ಎತ್ತಿಯೇ ಇದ್ದಳು, ಟೀಚರು ತಿರುಗುವಷ್ಟರಲ್ಲಿ ಬೆಂಚಿನಿಂದ ಹನಿ ಹನಿಯಾಗಿ ಬೀಳುತ್ತಿತ್ತು. ಜವಾನ ಬಕೆಟ್ಟಿನಲ್ಲಿ ಮರದ ಹೊಟ್ಟು ತಂದು ಅವಳ ಸುತ್ತಲೂ ಚೆಲ್ಲಿದ, ಒಂದು ಸುತ್ತು, ಅದರ ನಡುವೆ ಅವಳು. ಕ್ಲೈವ್‌ನ ಬಕೆಟ್ಟು ಯಾಕೆ ಅಷ್ಟು ಹತ್ತಿರದಲ್ಲಿದೆ ಎಂದು ಗುಡ್ಡದ ಮೇಲೆ ಅವಳಿಗೆ ಅನ್ನಿಸಿತು. ಹನ್ನೊಂದನೆಯ ಹಾಳೆ. ಹದಿಮೂರು.

ಕೊನೆಗೆ ಬೀಳ್ಕೊಡುವ ಹೊತ್ತು ಬಂತು. ವಿಲ್ಫ್ ಬಡಗಣಕ್ಕೆ ತಿರುಗಿ ಮಣ್ಣನ್ನು ಕಳಿಸಿಕೊಟ್ಟ. ಆಮೇಲೆ ಪಡುವಣ. ದಿಕ್ಕಿನವಳು ಮುಂದೆ, ಉಳಿದ ನಾಲ್ವರು ಅವಳ ಬೆನ್ನ ಹಿಂದೆ, ಎಲ್ಲರ ಮುಖವೂ ಇಳಿಬಿಸಿಲಿನ ಕಡೆ. ಮ್ಯೂರಿಯಲ್ ಕೈ ಎತ್ತಿದಳು. 'ಬಂದಿರಿ' ಎನ್ನಲು ಉಸಿರು ಎಳೆದುಕೊಳ್ಳಬೇಕಲ್ಲ, ಎಳೆದುಕೊಂಡಳು, ಅಷ್ಟು ಸಾಕಾಯಿತು. ಬೆಚ್ಚಗೆ, ನಿಧಾನವಾಗಿ, ಎರಡೂ ಕಾಲಿನಗುಂಟ, ಉಣ್ಣೆಯ ಕಾಲುಚೀಲದೊಳಕ್ಕೆ. ನಿಲುವಂಗಿ ನೆಲದವರೆಗೆ ಇತ್ತು, ಹುಲ್ಲು ಮೊದಲೇ ಒದ್ದೆಯಿತ್ತು, ಯಾರಿಗೂ ಕಾಣಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದಳು. ನಾಚಿಕೆಗಿಂತ ಮೊದಲು, ಹೇಳಿದರೆ ತಪ್ಪೇನು, ಒಂದು ಸುಖವೇ ಬಂದಿತ್ತು, ಇಷ್ಟು ವರ್ಷ ಕರೆದ ಯಾವ ದೇವತೆಯೂ ಕೊಡದಿದ್ದ ಸುಖ. ಮುಗಿಯಿತು. ಮಾತು ಮರೆತುಹೋಗಿತ್ತು. ಕೈ ಇಳಿಸಿದಳು. ಹಿಂದೆ ಯಾರೋ ಮೂಗು ಎಳೆದುಕೊಂಡ ಸದ್ದು ಕೇಳಿ ಸತ್ತೇ ಹೋದೆ ಅಂದುಕೊಂಡಳು. ನೋಡಿದರೆ ರೊವೆನಾ ಅಳುತ್ತಿದ್ದಳು. 'ಆ ಮೌನ' ಎಂದಳು. 'ಮಾತಿಲ್ಲದೆ ಕಳಿಸಿಕೊಟ್ಟೆಯಲ್ಲ ಮ್ಯೂರಿಯಲ್, ನನ್ನ ಮೈಯಲ್ಲಿ ನೀರು ಹರಿದ ಹಾಗಾಯ್ತು ಕಣೇ.' ಕೂಟದ ಪತ್ರಿಕೆಯಲ್ಲಿ ಅದನ್ನು ಬರೆದಳು ಕೂಡ. ಬ್ರಯನಿ ತಾನೂ ಇನ್ನು ಮೇಲೆ ಗಾಳಿಯನ್ನು ಮೌನದಲ್ಲೇ ಕಳಿಸುವೆನೆಂದು ಅಭ್ಯಾಸ ಮಾಡುತ್ತಿದ್ದಳಂತೆ.

ರೊವೆನಾಳ ಮನೆಯ ಗೇಟಿನ ಹತ್ತಿರ ವಿಲ್ಫ್ ಕಾಯುತ್ತಿದ್ದ. ಕಂದು ನಿಲುವಂಗಿಯ ಕುತ್ತಿಗೆಯಲ್ಲಿ ಟೈ ಕಾಣುತ್ತಿತ್ತು. ಗಡ್ಡ ಎಷ್ಟು ನುಣ್ಣಗೆ ಹೆರೆದಿದ್ದನೆಂದರೆ ಗಲ್ಲ ಎರಡು ಕಡೆ ಕೊಯ್ದಿತ್ತು. ಕೋರ್ಟಿಗೆ ಹೋಗುವವನ ಹಾಗೆ ಬಂದಿದ್ದ.

'ಏನ್ ವಿಲ್ಫ್, ಟೈ ಎಲ್ಲಾ?'

'ವಿಚಾರಣೆ ಅಲ್ವಾ. ಎಡ್ನಾ ಇದ್ದಿದ್ರೆ ಕಟ್ಟು ಅಂತಿದ್ಲು.' ಜೇಬಿನಿಂದ ನಾಲ್ಕಾಗಿ ಮಡಿಸಿದ ಪೇಪರಿನ ತುಂಡು ತೆಗೆದ. 'ಇದು ನೋಡ್ದ್ಯಾ? ಹೊಳೆ ಹತ್ರ ಅಂಗಡಿ ಸಾಲಿಗೆಲ್ಲಾ ನೀರು ನುಗ್ಗಿತಂತೆ. ಹದಿನೇಳು ಅಂಗಡಿ. ಇದೂ ನನ್ನ ಲೆಕ್ಕಕ್ಕೇ ಸೇರಿದ್ರೂ ಸೇರಿರಬಹುದು ಅಂತ ರೊವೆನಾ ಅಂದ್ರು.'

'ಅವಳು ಹೇಳ್ತಾಳೆ ಬಿಡು. ನಿದ್ದೆ ಮಾಡ್ತಿದೀಯೋ ಇಲ್ವೋ?'

'ಎಲ್ಲಿ ನಿದ್ದೆ. ಮೂರು ವಾರದಿಂದ ಅದೇ ಯೋಚನೆ.' ತುಂಡನ್ನು ಮಡಿಕೆ ತಪ್ಪದ ಹಾಗೆ ಮಡಿಸಿ ಮತ್ತೆ ಎದೆಯ ಜೇಬಿಗೆ ಇಟ್ಟುಕೊಂಡ.

ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಬಾಯಿ ತೆರೆದರೆ ಬಂದ ಮಾತು ಬೇರೆ: 'ಒಂದು ನಿಮಿಷ, ಒಳಗೆ ಹೋಗಿ ಬರ್ತೀನಿ.' ಒಂದು ಸಲ ಹೋಗಿ ಬಂದಳು. ನಿಲುವಂಗಿ ಹಾಕಿಕೊಂಡು ಇನ್ನೊಂದು ಸಲ ಹೊರಟಾಗ ಮೆಟ್ಟಿಲ ಬುಡದಲ್ಲಿ ರೊವೆನಾ ಎದುರಾದಳು. 'ಮತ್ತೆ ಹೊರಟ್ಯಾ ಮ್ಯೂರಿಯಲ್? ಹನ್ನೆರಡಾಗ್ತಾ ಬಂತು, ಸೂರ್ಯ ನಿನಗೋಸ್ಕರ ನಿಲ್ಲೋದಿಲ್ಲ.' ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟವಳು ತೆಗೆದಳು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿದ್ದಾಳೆ, ಹೋಗಬೇಕು ಎಂದು ಕೈ ಎತ್ತಿದ ಒಂದು ಮಗುವಿಗೂ ಇಲ್ಲ ಅಂದವಳಲ್ಲ. ತನ್ನ ವಿಷಯದಲ್ಲಿ ಮಾತ್ರ ಯಾರೋ ಹೂಂ ಅನ್ನಬೇಕು.

ಹಿತ್ತಲಲ್ಲಿ ಬಿಸಿಲು ಚುರುಕಾಗಿತ್ತು. ರೊವೆನಾ ಸುಣ್ಣದ ಪುಡಿಯಿಂದ ಹುಲ್ಲಿನ ಮೇಲೆ ಗೆರೆ ಎಳೆದು, ಚೂರಿ ಹಿಡಿದು ಮೂರು ಸುತ್ತು ಬಂದು ಮಂಡಲ ಮುಚ್ಚಿದಳು. ನಾಲ್ಕೂ ದಿಕ್ಕನ್ನು ಕರೆದದ್ದಾಯಿತು. ಬ್ರಯನಿಯ ಧೂಪ ಬೇಲಿ ಹಾರಿ ಹೋಯಿತು. ಬೇಲಿಯ ಆಚೆಯಿಂದ ಪಕ್ಕದ ಮನೆಯ ಬ್ರೆಂಡಾಳ ದನಿ ಬಂತು: 'ಪ್ಯಾಟ್, ನಿನ್ನ ಹೊಗೆ ನನ್ನ ಒಗೆದ ಬಟ್ಟೆಗೆಲ್ಲಾ ಹಿಡೀತಿದೆ ಕಣೇ.' ರೊವೆನಾ ಕಣ್ಣು ಮುಚ್ಚಿ, ಕೇಳಿಸದವಳ ಹಾಗೆ ಮಾತು ಶುರುಮಾಡಿದಳು.

'ಮಂಡಲದ ಒಳಗೆ ಸುಳ್ಳು ನಿಲ್ಲೋದಿಲ್ಲ. ಅದಕ್ಕೇ ಇಲ್ಲಿ ಕೇಳ್ತಿರೋದು. ವಿಲ್ಫ್, ಮೇ ಹಬ್ಬದ ದಿನ ನೀವು ಮಣ್ಣನ್ನ ಸರಿಯಾಗಿ ಬೀಳ್ಕೊಟ್ರಾ?'

'ಕೊಟ್ಟೆ ಅಂದ್ಕೊಂಡಿದ್ದೆ.'

'ಅಂದ್ಕೊಂಡಿದ್ರಿ.'

'ನೀವು ಹೇಳಿದ ಮೇಲೆ ನಂಗೂ ಅನುಮಾನ. ಮನಸ್ಸು ಬೇರೆ ಕಡೆ ಇತ್ತು. ಆವತ್ತು ಎಡ್ನಾ ಹುಟ್ಟಿದ ದಿನ.'

'ನೋಡಿದ್ರಾ' ಎಂದು ರೊವೆನಾ ಉಳಿದವರ ಕಡೆ ತಿರುಗಿದಳು. ದನಿಯಲ್ಲಿ ಕ್ರೂರತನವಿರಲಿಲ್ಲ. ಲೈಸೆನ್ಸು ಸಿಗಲಿಲ್ಲ ಎಂದು ಹೇಳುವಾಗ ಬಳಸುತ್ತಿದ್ದ ಮೆತ್ತನೆಯ ದನಿಯೇ ಇರಬೇಕು. 'ಇದರಲ್ಲಿ ಕೋಪ ಇಲ್ಲ ವಿಲ್ಫ್. ಕೆಲವರಿಗೆ ದಿಕ್ಕು ಒಗ್ಗೋದಿಲ್ಲ. ಒಂದು ವರ್ಷ ಹೊರಗಿದ್ದು…'

ಮ್ಯೂರಿಯಲ್ ವಿಲ್ಫ್‌ನನ್ನು ನೋಡಲಿಲ್ಲ. ಅವನ ಕೈಯನ್ನು ನೋಡಿದಳು. ಮಣ್ಣಿನ ತಟ್ಟೆ ಹಿಡಿದ ಬೆರಳುಗಳ ಉಗುರಲ್ಲಿ ಹಿಟ್ಟು ಒಣಗಿತ್ತು, ಬೆಳಿಗ್ಗೆಯೇ ಎದ್ದು ನಾದಿದ್ದಾನೆ, ಹೊರಗೆ ಹಾಕಿಸಿಕೊಳ್ಳಲು ಬರುವಾಗಲೂ ಬ್ರೆಡ್ಡು ತಂದಿದ್ದಾನೆ. ತಾನು ಸುಮ್ಮನಿದ್ದರೆ ಆಯಿತು. ಯಾರೂ ಕೇಳುವುದಿಲ್ಲ, ಪಡುವಣ ತನ್ನದೇ, ಆ ಮೌನದ ಕೀರ್ತಿ ತನ್ನದೇ. ಹೇಳಿದರೆ ಈ ನಾಲ್ಕು ಜನ ತನ್ನನ್ನು ನೋಡಿದಾಗಲೆಲ್ಲ ಮೊದಲು ಕೆಳಗೆ ನೋಡುತ್ತಾರೆ. ಮರದ ಹೊಟ್ಟಿನ ವಾಸನೆ ಮೂಗಿಗೆ ಬಂತು. ಧೂಪದ್ದೋ ಏನೋ.

'ಮಣ್ಣಲ್ಲ' ಎಂದಳು. 'ನೀರು.'

'ಏನು?'

'ನೀರನ್ನ ನಾನು ಕಳಿಸಿಕೊಡಲಿಲ್ಲ. ಮಾತೇ ಆಡಲಿಲ್ಲ ನಾನು.'

'ಅದೇ ಅಲ್ವಾ ಮಾರಾಯ್ತಿ ಅದರ ಶಕ್ತಿ' ಎಂದಳು ಬ್ರಯನಿ.

'ಶಕ್ತಿಯೂ ಇಲ್ಲ ಗಿಕ್ತಿಯೂ ಇಲ್ಲ. ನಿಂತಲ್ಲೇ ಹೊಯ್ಕೊಂಡೆ. ಅದು ಮುಗಿಯೋ ಹೊತ್ತಿಗೆ ಹೇಳೋ ಮಾತು ಮರ್ತೋಯ್ತು. ಕೈ ಇಳಿಸಿದೆ. ಇಷ್ಟೇ.'

ಬೇಲಿಯ ಆಚೆ ಬಟ್ಟೆ ಹರವುವ ಸದ್ದು ನಿಂತದ್ದು ಮ್ಯೂರಿಯಲ್‌ಳ ಗಮನಕ್ಕೆ ಬಂತು.

'ಮಂಡಲದ ಒಳಗೋ ಹೊರಗೋ?' ಎಂದು ಕ್ಲೈವ್ ಕೇಳಿದ. ವಿಮೆಯವನ ಪ್ರಶ್ನೆ.

'ಒಳಗೆ.'

'ಅಲ್ಲ, ಪೂಜೆಗೆ ಏನು ಬೇಕು? ಉಪ್ಪು ಮತ್ತೆ ನೀರು. ಲೆಕ್ಕ ಹಾಕಿದ್ರೆ ಎರಡೂ ಇತ್ತು ಅದ್ರಲ್ಲಿ.'

ಬ್ರಯನಿ ಕೆಮ್ಮಿದಳು, ಕೆಮ್ಮು ನಗುವಿಗೆ ತಿರುಗಿತು, ನಗು ನಿಲ್ಲಿಸಲಾಗದೆ ಧೂಪದ ಬಟ್ಟಲನ್ನು ಹುಲ್ಲಿನ ಮೇಲಿಟ್ಟು ಕೂತೇಬಿಟ್ಟಳು. ರೊವೆನಾಳ ಮುಖ ಕೆಂಪಾಗಿ, ಬೆಳ್ಳಗಾಗಿ, ಮತ್ತೆ ಕೆಂಪಾಯಿತು. 'ನಾನು ಅತ್ತೆ' ಎಂದಳು. 'ಅದನ್ನ ನೋಡಿ ನಾನು ಅತ್ತೆ ಮ್ಯೂರಿಯಲ್. ಪತ್ರಿಕೇಲಿ ಬರೆದೆ. ಬಾಗಿಲು ಕೊಯ್ದುಕೊಡು ಅಂತ ಒಂದು ಮಾತು ಕೇಳಬಾರದಿತ್ತಾ?'

'ಕೇಳಿದ್ರೆ ನೀನು ಉಸಿರು ಬಿಡ್ತೀಯಲ್ಲ, ಅದಕ್ಕೆ ಕೇಳಲಿಲ್ಲ.'

'ಯಾವ ಉಸಿರು?'

ಕ್ಲೈವ್ ಬಿಟ್ಟು ತೋರಿಸಿದ. ತದ್ರೂಪು. ಬ್ರಯನಿ ಕೂತಲ್ಲೇ ಹೌದು ಹೌದು ಎಂದು ತಲೆ ಆಡಿಸಿದಳು. 'ಹದಿನಾಲ್ಕು ಹಾಳೆ ಪ್ಯಾಟ್' ಎಂದ ಕ್ಲೈವ್. 'ನನ್ನ ಪ್ರಾಸ್ಟೇಟು ಒಂಬತ್ತನೇ ಹಾಳೆಗೇ ಕೈ ಮುಗೀತು. ನಾನು ಬೆಂಕಿಯವನಾಗಿ ಬಚಾವಾದೆ.' ಮಂಡಲದ ಒಳಗೆ ಯಾರೂ ಅವಳನ್ನು ಪ್ಯಾಟ್ ಎಂದು ಕರೆದಿರಲಿಲ್ಲ. ಅವಳು ಚೂರಿ ಹಿಡಿದುಕೊಂಡು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. 'ಹಾಗಾದ್ರೆ ಪಡುವಣವನ್ನ ತೆಗೀಬೇಕಾಗುತ್ತೆ' ಎಂದಳು, ಅಷ್ಟೇನೂ ಗಟ್ಟಿಯಾಗಿಯಲ್ಲ. 'ತೆಗೆದು ಎಲ್ಲಿಡ್ತೀಯಾ?' ಎಂದ ಕ್ಲೈವ್. 'ಇವಳೂ ಹೋದ್ರೆ ಅವನೂ ಹೋದ್ರೆ ನಾವಿಬ್ಬರು ಗಾಳಿ ಬೆಂಕಿ ಸೇರಿ ಏನು ಮಾಡ್ತೀವಿ, ನಿನ್ನ ಮನೆ ಸುಡೋದು ಒಂದೇ. ಯಾರನ್ನೂ ತೆಗೆಯೋದು ಬೇಡ.' ರೊವೆನಾ ಉಸಿರು ಎಳೆದುಕೊಂಡಳು, ಬಿಡಲು ಹೋಗಿ ತಡೆದಳು.

ಮ್ಯೂರಿಯಲ್‌ಳ ಮೈ ಹಗುರಾಗಿತ್ತು. ಇಷ್ಟೇನೆ, ಎಂದುಕೊಂಡಳು, ಅರವತ್ತೆರಡು ವರ್ಷ ಹೆದರಿದ್ದು ಇಷ್ಟಕ್ಕೇನೆ. ವಿಲ್ಫ್ ಉಳಿದುಕೊಂಡ. ಅವನ ಮುಖದಲ್ಲಿ ಆ ನೆಮ್ಮದಿ ಕಾಣಬೇಕೆಂದು ಈಗ ಅವನ ಕಡೆ ತಿರುಗಿದಳು.

ವಿಲ್ಫ್ ತಟ್ಟೆಯನ್ನು ನೋಡುತ್ತ ನಿಂತಿದ್ದ. ನೆಮ್ಮದಿ ಇರಲಿಲ್ಲ. ರೈಲು ತಪ್ಪಿದವನು ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತಂತೆ ನಿಂತಿದ್ದ. ಟೈ ವಾರೆಯಾಗಿತ್ತು.

'ಹಾಗಾದ್ರೆ ನಾನೇನೂ ಮಾಡಲಿಲ್ವಾ?' ಎಂದ.

'ಇಲ್ಲ ವಿಲ್ಫ್. ನಿಂದೇನೂ ತಪ್ಪಿಲ್ಲ.'

'ಏನೂ?'

'ಏನೂ ಇಲ್ಲಪ್ಪಾ.'

ಅವನು ತಲೆಯಾಡಿಸಿದ. 'ಹೊಳೆ ಹತ್ರದ ಅಂಗಡಿಗಳು?' ಎಂದ, ಬಹಳ ಮೆಲ್ಲಗೆ. ಆಗ ಅವಳಿಗೆ ಟೈ ಅರ್ಥವಾಯಿತು, ಎರಡು ಕಡೆ ಕೊಯ್ದ ಗಲ್ಲ ಅರ್ಥವಾಯಿತು. ಬಸ್ ಡಿಪೋದಲ್ಲಿ ನಲವತ್ತು ವರ್ಷ ಟಿಕೆಟ್ಟಿನ ಯಂತ್ರ ಒರೆಸಿದವನು ಇವನು. ಎಡ್ನಾಳ ಕಾಯಿಲೆಗೆ ಅವನು ಮಾಡಿದ್ದು ಯಾವುದೂ ನಾಟಲಿಲ್ಲ, ಅವನು ಹೇಳಿದ ಮಾತಿಗೆ ಒಂದು ಎಲೆ ಅಲುಗಿದ್ದಿಲ್ಲ. ಈ ಮೂರು ವಾರ, ಅವನಿಂದಾಗಿ ಒಂದು ಹೊಳೆ ದಂಡೆ ಮೀರಿತ್ತು. ನಿದ್ದೆ ಬಾರದಿದ್ದುದು ಭಯಕ್ಕೆ ಎಂದುಕೊಂಡಿದ್ದಳು. ಈಗ ನೋಡಿದರೆ ಹುಡುಗರಿಗೆ ಹಬ್ಬದ ಹಿಂದಿನ ದಿನ ನಿದ್ದೆ ಬರುವುದಿಲ್ಲವಲ್ಲ, ಅಂಥದ್ದು. ಅವನನ್ನು ಉಳಿಸುತ್ತೇನೆಂದು ಹೋಗಿ ಅವನ ಎದೆಯ ಜೇಬಿಗೇ ಕೈ ಹಾಕಿದ್ದಳು.

ಇನ್ನೊಂದು ಸುಳ್ಳು ಬೇಕಾಯಿತು. ಮಂಡಲದ ಒಳಗೆ ಸುಳ್ಳು ನಿಲ್ಲುವುದಿಲ್ಲ ಎಂದು ರೊವೆನಾ ಹೇಳಿದ್ದಳು. ನಿಲ್ಲುತ್ತದೋ ಇಲ್ಲವೋ ಒಂದು ಸಲ ನಿಲ್ಲಿಸಿ ನೋಡುವುದು ಎಂದುಕೊಂಡಳು.

'ಪೂರ್ತಿ ಇಲ್ಲ ಅಂತಲ್ಲ' ಎಂದಳು. 'ಮೊದಲು ಕಳಿಸಿಕೊಡೋದು ನಿನ್ನ ಮಣ್ಣನ್ನ ತಾನೆ. ನೀನು ಒಂಚೂರು ಅವಸರ ಮಾಡಿದೆ. ಮಣ್ಣು ಇನ್ನೊಂದು ಗಳಿಗೆ ನಿಂತಿದ್ರೆ ನನ್ನ ನೀರು ಅಷ್ಟು ದೂರ ಹರೀತಿರಲಿಲ್ಲ. ನನಗೆ ಆವತ್ತೇ ಅನ್ನಿಸಿತ್ತು, ಕಾಲ ಕೆಳಗೆ ಹಿಡಿತ ಸಡಿಲ ಆಯ್ತು ಅಂತ.'

'ಸಡಿಲ ಆಯ್ತಾ?'

'ಆಯ್ತು.'

ಕ್ಲೈವ್ ಏನೋ ಹೇಳಲು ಬಾಯಿ ತೆರೆದ. ಮ್ಯೂರಿಯಲ್ ಅವನ ಕಡೆ, ಊಟದ ಸಾಲಿನಲ್ಲಿ ತಳ್ಳಾಡುವ ಹುಡುಗನನ್ನು ನೋಡುವ ಹಾಗೆ ಒಂದು ಸಲ ನೋಡಿದಳು. ಬಾಯಿ ಮುಚ್ಚಿದ.

'ಎಷ್ಟು ಪಾಲು ನಂದು?' ಎಂದ ವಿಲ್ಫ್.

'ಅರ್ಧ. ಕ್ಲೈವ್ ಮನೆ ಸೂರು, ಅಂಗಡಿ ಸಾಲು ನಿಂದು. ಆಸ್ಪತ್ರೆ ಕೊಳಾಯಿ, ರೊವೆನಾ ಮನೆ ನೆಲಮಾಳಿಗೆ ನಂದು.'

ವಿಲ್ಫ್ ಯೋಚಿಸಿದ. ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ ಟೈ ನೆಟ್ಟಗೆ ಮಾಡಿಕೊಂಡ. 'ನೆಲಮಾಳಿಗೆ ಇರೋದು ಮಣ್ಣಿನ ಒಳಗಲ್ವಾ' ಎಂದ. 'ಸುತ್ತ ನಾಲ್ಕೂ ಕಡೆ ಮಣ್ಣು. ಅದು ನಂದಾಗಬೇಕು.'

ಮ್ಯೂರಿಯಲ್‌ಗೆ ಆ ನೆಲಮಾಳಿಗೆಯ ಮೇಲೆ ಹೇಳಲಾರದ ಒಂದು ಆಸೆ ಇಲ್ಲದಿರಲಿಲ್ಲ. ತನ್ನ ಪಾಲಿಗೆ ಇದ್ದುದರಲ್ಲಿ ದೊಡ್ಡದು ಅದೇ, ಮೊಣಕಾಲುದ್ದ.

'ತಗೋ' ಎಂದಳು.